ಬೇಸಿಗೆಯಲ್ಲಿ ಡ್ಯಾಮಿನ ದಂಡೆಯ ಮೇಲೆ ಗಾಳ ಹಾಕಿ ಕೂರಲು ಐಸ್ ಫಿಶಿಂಗ್ ಟೆಂಟ್ ತಗೊಳ್ಳಬಹುದಾ?

ಬೇಡ.

ಹದಿನೈದು ಸಾವಿರ ಕೊಟ್ಟು ಐಸ್ ಫಿಶಿಂಗ್ ಟೆಂಟ್, ಅಂದರೆ ಹೆಪ್ಪುಗಟ್ಟಿದ ಕೆರೆಯ ಮೇಲೆ ಕೂತು ಮೀನು ಹಿಡಿಯುವವರ ಟೆಂಟ್, ತಗೊಳ್ಳಲಾ, ಇಲ್ಲ ಬೀಚ್ ಟೆಂಟೋ ಮಡಚುವ ಪೆಂಡಾಲೋ ಸಾಕಾ ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆಯಲ್ಲಿ ಒಂದು ಸಾಲು ಇದೆ: "ಒಳಗೆ ಥರ್ಮಲ್ ಪದರ ಇದೆಯಂತೆ. ಚಳಿ ತಡೆಯುವ ಬಟ್ಟೆ ಬಿಸಿಲನ್ನೂ ತಡೆಯಬೇಕು ಅಲ್ವಾ?" ನಾನೂ ಇದನ್ನೇ ನಂಬಿದ್ದೆ. ನೀವು ಭಾಲ್ಕಿ ಕಡೆಯ ಕಾರಂಜಾ ದಂಡೆಗೆ ಅಂತ ಕೇಳುತ್ತಿದ್ದೀರಿ, ನಾನು ಹೋಗಿದ್ದು ಹೇರೂರಿನ ಹತ್ತಿರದ ಬೆಣ್ಣೆತೊರಾ ಡ್ಯಾಮಿಗೆ. ಅಷ್ಟೇ ವ್ಯತ್ಯಾಸ. ಅವತ್ತು ಸಂಜೆ ದವಾಖಾನೆಯಲ್ಲಿ ನನಗೆ ಸಲಾಯಿನ್ ಹಚ್ಚಿದ್ದರು.

ನಮ್ಮ ಕಾಕಾನ ಮಗ ಅಮೆರಿಕದ ಮಿನ್ನೆಸೋಟಾದಲ್ಲಿ ಕೆಲಸಕ್ಕಿದ್ದ. ಅಲ್ಲಿ ಚಳಿಗಾಲಕ್ಕೆ ಕೆರೆಗಳು ಹೆಪ್ಪುಗಟ್ಟುತ್ತವೆ. ಜನ ಆ ಐಸಿನ ಮೇಲೆ ನಡೆದು ಹೋಗಿ, ದೊಡ್ಡ ಬೈರಿಗೆಯಿಂದ ತೂತು ಕೊರೆದು, ಅದರೊಳಗೆ ಗಾಳ ಇಳಿಬಿಟ್ಟು ಕೂರುತ್ತಾರೆ. ಕನಿಷ್ಠ 4 ಇಂಚು ಗಟ್ಟಿ ಐಸ್ ಇಲ್ಲದಿದ್ದರೆ ಕಾಲಿಡಲೇಬೇಡಿ ಅಂತ ಅಲ್ಲಿನ ಸರ್ಕಾರವೇ ಹೇಳುತ್ತದೆ. ಮೀನಿಗೋಸ್ಕರ ಇಷ್ಟೆಲ್ಲಾ ಬೇಕಾ ಅಂತ ನಮ್ಮ ಕಾಕು ಕೇಳಿದ್ದಳು, ಅವನ ಹತ್ತಿರ ಉತ್ತರ ಇರಲಿಲ್ಲ. ಊರಿಗೆ ವಾಪಸ್ ಬರುವಾಗ ಮನೆ ಸಾಮಾನಿನ ಜೊತೆ ಆ ಟೆಂಟನ್ನೂ ಹಡಗಿನಲ್ಲಿ ಕಳಿಸಿದ್ದ. ಇಲ್ಲಿ ಬಂದ ಮೇಲೆ ಅವನಿಗೆ ಅದರಿಂದ ಉಪಯೋಗ ಇರಲಿಲ್ಲ. ಗಾಳದ ಹುಚ್ಚು ಇದ್ದದ್ದು ನನಗೆ. ಹಾಗಾಗಿ ನನ್ನ ಪಾಲಿಗೆ ಬಂತು.

ನೋಡೋಕೆ ಭರ್ಜರಿ. ಈ ಟೆಂಟುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದನ್ನು ಜಾರುಬಂಡಿಯ ಮೇಲೆ ಕಟ್ಟಿರುತ್ತಾರೆ, ಎಳೆದುಕೊಂಡು ಹೋಗಿ ಮೇಲಿನ ಬಟ್ಟೆಯನ್ನು ತಲೆ ಮೇಲೆ ಮಗುಚಿಕೊಂಡರೆ ಆಯಿತು. ಇನ್ನೊಂದು ಹಬ್ ಟೆಂಟ್. ಗೋಡೆಗಳ ನಡುವೆ ಒಂದು ಗುಬುಟಿನಂಥ ಭಾಗ ಇರುತ್ತದೆ. ಅದರ ಪಟ್ಟಿ ಹಿಡಿದು ಎಳೆದರೆ ಇಡೀ ಗೋಡೆ ಟಪ್ ಅಂತ ಹೊರಗೆ ಉಬ್ಬುತ್ತದೆ. ನನಗೆ ಸಿಕ್ಕಿದ್ದು ಇದು. ಹೊರಗೆ ಕೆಂಪು ಕಪ್ಪು ಬಟ್ಟೆ, ಒಳಗೆ ರಜಾಯಿಯ ಹಾಗೆ ಹೊಲಿದ ದಪ್ಪ ಪದರ. ನೀವು ಲಿಂಕ್ ಹಾಕಿರುವುದೂ ಹೆಚ್ಚು ಕಡಿಮೆ ಇಂಥದ್ದೇ.

ಮೇ ತಿಂಗಳು. ಬೆಳಿಗ್ಗೆ ನಾನು ಮತ್ತು ಗೆಳೆಯ ಚೆನ್ನಾಗಿಯೇ ಗಾಳ ಹಾಕಿದೆವು, ಒಂದೆರಡು ರೋಹು ಸಿಕ್ಕವು. ಒಂಬತ್ತು ಗಂಟೆಯಾದ ಮೇಲೆ ಮೀನು ಮುಟ್ಟುವುದು ನಿಂತಿತು. ಗೆಳೆಯ ಹೋಗೋಣ ಅಂದ. ಟೆಂಟ್ ಇದೆಯಲ್ಲ, ಸಂಜೆ ತನಕ ಕೂರೋಣ ಅಂತ ನಾನು ಹಟ ಹಿಡಿದೆ. ನೀರಿನ ಪಕ್ಕದಲ್ಲೇ ಟೆಂಟ್ ಉಬ್ಬಿಸಿದೆ. ಅವನು ಒಳಗೆ ತಲೆ ಹಾಕಿ ನೋಡಿ, "ನನಗ ಬ್ಯಾಡಪ್ಪಾ" ಅಂದವನೇ ಜಾಲಿ ಗಿಡದ ಬುಡಕ್ಕೆ ಹೋಗಿ ಟವೆಲ್ ಒದ್ದೆ ಮಾಡಿ ತಲೆಗೆ ಸುತ್ತಿಕೊಂಡು ಕೂತ. ಸ್ವಲ್ಪ ದೂರದಲ್ಲಿ ಮೀನು ಹಿಡಿಯುವ ಕಾಕಾ ಒಬ್ಬರು ಬಲೆ ಹೊಲಿಯುತ್ತಿದ್ದರು. ನಾಲ್ಕು ಗಳ, ಮೇಲೆ ತೊಗರಿ ಕಟ್ಟಿಗೆ, ಅದರ ಮೇಲೊಂದು ಹಳೆ ಸೀರೆ. ಅಷ್ಟೇ ಅವರ ನೆರಳು. ನನ್ನ ಟೆಂಟ್ ನೋಡಿ ಕೂಗಿದರು: "ಏನೋ ತಮ್ಮಾ, ಹಮಾಮ್ ಕಟ್ಟೀಯೇನ್?"

ನಕ್ಕು ಸುಮ್ಮನಾದೆ. ಹಮಾಮ್ ಅಂದರೆ ಹಬೆಯ ಸ್ನಾನದ ಮನೆ. ಅವರು ಹೇಳಿದ್ದು ಅಕ್ಷರಶಃ ನಿಜ ಅಂತ ಗೊತ್ತಾಗಲು ಜಾಸ್ತಿ ಹೊತ್ತು ಬೇಕಾಗಲಿಲ್ಲ.

ಇಲ್ಲಿಂದ ಸ್ವಲ್ಪ ಗಮನ ಕೊಟ್ಟು ಓದಿ. ನಾನು ಕೆಟ್ಟಿದ್ದು ಟೆಂಟ್ ಒಳಗೆ ಕೂತಿದ್ದರಿಂದ ಮಾತ್ರ ಅಲ್ಲ. ಕಿಟಕಿ ಮುಚ್ಚಿದ್ದರಿಂದ. ಒಳಗೆ ಕೂತಾಗ ಸಣ್ಣ ಕಿಟಕಿಗಳಿಂದ ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ನಮ್ಮ ಕಡೆ ಮೇ ತಿಂಗಳ ಗಾಳಿ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ, 42 ಡಿಗ್ರಿ ದಾಟಿದ ದಿನ ಮುಖ ಸುಟ್ಟ ಹಾಗೆ ಆಗುತ್ತದೆ. ಈ ಝಳ ಹೊರಗೇ ಇರಲಿ, ಥರ್ಮಲ್ ಪದರ ಇದೆಯಲ್ಲ ಅಂತ ಒಂದೊಂದಾಗಿ ಕಿಟಕಿ ಮುಚ್ಚಿದೆ. ಬಾಗಿಲಿನ ಜಿಪ್ಪನ್ನೂ ಎಳೆದೆ. ಒಂದೈದು ನಿಮಿಷ ಹಾಯ್ ಅನ್ನಿಸಿತು. ಮುಖಕ್ಕೆ ಗಾಳಿ ಹೊಡೆಯುವುದು ನಿಂತಿತ್ತು, ಬೆಳಕೂ ಕಮ್ಮಿ ಆಗಿತ್ತು. ಆ ಐದು ನಿಮಿಷವೇ ನನ್ನನ್ನು ಮೋಸ ಮಾಡಿದ್ದು. ತಣ್ಣಗಾಗುತ್ತಿದೆ ಅಂದುಕೊಂಡೆ. ಆಗುತ್ತಿದ್ದದ್ದು ಉಲ್ಟಾ.

ಥರ್ಮಲ್ ಪದರಕ್ಕೆ ತಣ್ಣಗೆ ಮಾಡುವ ಶಕ್ತಿ ಇಲ್ಲ. ಒಳಗಿನ ಬಿಸಿ ಹೊರಗೆ ಹೋಗುವುದನ್ನು, ಹೊರಗಿನದು ಒಳಗೆ ಬರುವುದನ್ನು ನಿಧಾನ ಮಾಡುತ್ತದೆ, ಅಷ್ಟೇ. ಮಿನ್ನೆಸೋಟಾದಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇರುವಾಗ ಒಳಗೆ ಸಣ್ಣ ಗ್ಯಾಸ್ ಹೀಟರ್ ಹಚ್ಚುತ್ತಾರೆ. ಆ ಬಿಸಿ ಉಳಿಯಲಿ ಅಂತ ಈ ಪದರ. ನನ್ನ ಟೆಂಟಿನಲ್ಲಿ ಹೀಟರ್ ಯಾವುದು? ನಾನೇ! ಸುಮ್ಮನೆ ಕೂತ ಮನುಷ್ಯನ ಮೈಯಿಂದಲೂ ಸುಮಾರು 100 ವ್ಯಾಟ್ ಬಿಸಿ ಹೊರಬರುತ್ತಲೇ ಇರುತ್ತದೆ. ಮೇಲಿನಿಂದ ಬಿಸಿಲು ಆ ಕಪ್ಪು ಬಟ್ಟೆಯನ್ನು ಕಾಯಿಸುತ್ತಲೇ ಇತ್ತು. ಪದರ ಅದನ್ನು ತಡ ಮಾಡಿತು, ತಡೆಯಲಿಲ್ಲ.

ಇದಕ್ಕಿಂತ ದೊಡ್ಡದು ಬೆವರಿನ ವಿಷಯ. ಹೊರಗಿನ ಗಾಳಿ ನಮ್ಮ ಮೈಗಿಂತ ಬಿಸಿ ಇದ್ದಾಗ, ಮೈ ತಣ್ಣಗಾಗಲು ಒಂದೇ ದಾರಿ ಉಳಿಯುತ್ತದೆ: ಬೆವರು ಒಣಗಬೇಕು. ಒಣಗುವಾಗ ಅದು ಮೈಯ ಬಿಸಿ ಎಳೆದುಕೊಂಡು ಹೋಗುತ್ತದೆ. ಕಲಬುರಗಿಯಲ್ಲಿ ಕೂಲರ್ ಇಲ್ಲದ ಮನೆ ಕಮ್ಮಿ. ಕಿಟಕಿ ಬಾಗಿಲು ಎಲ್ಲ ಮುಚ್ಚಿ ಕೂಲರ್ ಹಚ್ಚಿದರೆ ಏನಾಗುತ್ತದೆ? ಸ್ವಲ್ಪ ಹೊತ್ತಿಗೆ ಮೈಯೆಲ್ಲ ಜಿಗಿಜಿಗಿ. ಒದ್ದೆ ಗಾಳಿಗೆ ಹೊರಗೆ ಹೋಗಲು ದಾರಿ ಇದ್ದರೇ ಕೂಲರ್ ಕೆಲಸ ಮಾಡುವುದು. ಟೆಂಟಿನಲ್ಲೂ ಅದೇ ಆಯಿತು. ನನ್ನ ಬೆವರು, ನನ್ನ ಉಸಿರು, ಜೊತೆಗೆ ನೆಲದ ತೇವ. ಐಸಿನ ತೂತಿಗೆ ಗಾಳ ಇಳಿಸಬೇಕಲ್ಲ, ಹಾಗಾಗಿ ಈ ಟೆಂಟಿಗೆ ತಳ ಇರಲಿಲ್ಲ. ನೀರಿನ ಪಕ್ಕದ ಹಸಿ ಮಣ್ಣಿನಿಂದ ಆವಿ ನೇರ ಒಳಗೆ ಬರುತ್ತಿತ್ತು. ಹೊರಗಿನ ಒಣ ಬಿಸಿಲನ್ನು ಬಿಟ್ಟು ಒಳಗೆ ಹಬೆ ಕಟ್ಟಿಕೊಂಡು ಕೂತಿದ್ದೆ. ಅಂಗಿ ತೊಟ್ಟಿಕ್ಕುತ್ತಿತ್ತು, ಒಣಗುತ್ತಿರಲಿಲ್ಲ. ಇಷ್ಟು ಬೆವರುತ್ತಿದೆ ಅಂದರೆ ಮೈ ತಣ್ಣಗಾಗುತ್ತಿರಬೇಕು ಅಂತ ಬೇರೆ ಅಂದುಕೊಂಡೆ ನೋಡಿ! ಒಣಗದ ಬೆವರು ಸುಮ್ನೆ ಮೈಯೊಳಗಿನ ನೀರು ಖಾಲಿ ಮಾಡುತ್ತದೆ, ಬೇರೇನೂ ಮಾಡುವುದಿಲ್ಲ.

ಮೊದಲು ಮೊಬೈಲ್ ಬಿಸಿಯಾಗಿದೆ ಅಂತ ಬಂದ್ ಆಯಿತು. ಆಗಲೇ ಹೊರಗೆ ಬರಬೇಕಿತ್ತು. ಆಮೇಲೆ ತಲೆನೋವು, ಪಿಂಡರಿಯಲ್ಲಿ ಸೆಳೆತ. ಎದ್ದು ಜಿಪ್ ಹುಡುಕಿದರೆ ಕೈಗೆ ಸಿಗುತ್ತಿಲ್ಲ. ಗಾಬರಿಯಲ್ಲಿ ಕೂಗಿದೆನಂತೆ. ಕಾಕಾ ಮತ್ತು ಗೆಳೆಯ ಬಂದು ಎಳೆದು ಹೊರಗೆ ಹಾಕಿದರು. ಅದೇ ತೊಗರಿ ಕಟ್ಟಿಗೆಯ ನೆರಳಿನಲ್ಲಿ ಮಲಗಿಸಿ, ಮೈಮೇಲೆ ನೀರು ಸುರಿದು, ಒದ್ದೆ ಬಟ್ಟೆಯಿಂದ ಗಾಳಿ ಹಾಕಿದರು. ವಾಂತಿ ಆಯಿತು. ಡಾಕ್ಟರು ಇನ್ನೊಂದು ಗಂಟೆ ಒಳಗಿದ್ದಿದ್ದರೆ ಕಷ್ಟ ಇತ್ತು ಅಂದರು. ಯಾರಿಗಾದರೂ ಹೀಗೆ ಆಗಿ ಮಾತು ತೊದಲಿದರೆ, ಹುಚ್ಚುಹುಚ್ಚಾಗಿ ಮಾತಾಡಿದರೆ ಕಾಯಬೇಡಿ. ನೀರು ಸುರಿಯುತ್ತಾ 108ಕ್ಕೆ ಫೋನ್ ಮಾಡಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಇನ್ನು ಟೆಂಟಿನ ಕಥೆ. ನನ್ನನ್ನು ಗಾಡಿಗೆ ಹತ್ತಿಸುವಷ್ಟರಲ್ಲಿ ಗಾಳಿ ಎದ್ದು ಅದು ಉರುಳುತ್ತಾ ನೀರಿಗೆ ಬಿತ್ತಂತೆ. ಅದರ ಜೊತೆ ಬಂದ ಗೂಟಗಳು ಐಸಿಗೆ ತಿರುಚಿ ಕೂರಿಸುವ ಸ್ಕ್ರೂಗಳು. ಐಸಿನಲ್ಲಿ ಕಚ್ಚಿ ಹಿಡಿಯುತ್ತವೆ. ನಮ್ಮ ಎರೆ ಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟಿರುತ್ತದೆ. ನೀರಿನ ಹತ್ತಿರ ಹೋದರೆ ಮೇಲೆ ಒಣ ಹೆಂಟೆ, ಕೆಳಗೆ ರಾಡಿ. ಎರಡರಲ್ಲೂ ಸ್ಕ್ರೂ ನಿಲ್ಲುವುದಿಲ್ಲ. ಬೀದರ್ ಕಡೆ ಜಂಬಿಟ್ಟಿಗೆ ನೆಲ ಸಿಕ್ಕರೆ ಅದು ಒಳಗೇ ಹೋಗುವುದಿಲ್ಲ. ಕಾಕಾ ತೆಪ್ಪದಲ್ಲಿ ಹೋಗಿ ಎಳೆದು ತಂದರು. ಈಗ ಅದು ನಮ್ಮ ಮಾವನ ಹೊಲದಲ್ಲಿದೆ. ಚಳಿಗಾಲದಲ್ಲಿ ಬಿಳಿಜೋಳಕ್ಕೆ ಹಂದಿ ಬರುತ್ತವೆ, ರಾತ್ರಿ ಕಾಯಲು ಅದರೊಳಗೆ ಮಲಗುತ್ತಾರೆ. ಬೀದರ್, ಕಲಬುರಗಿಯ ಡಿಸೆಂಬರ್ ಚಳಿಗೆ ಅದು ನಿಜಕ್ಕೂ ಒಳ್ಳೆಯದು, ಸುಳ್ಳು ಹೇಳಬಾರದು. ಒಳಗೆ ಕೆಂಡದ ಬುಟ್ಟಿ ಮಾತ್ರ ಇಡಬೇಡಿ ಅಂತ ಖಡಕ್ ಆಗಿ ಹೇಳಿದ್ದೇನೆ. ಮುಚ್ಚಿದ ಜಾಗದಲ್ಲಿ ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಮಿನ್ನೆಸೋಟಾದವರೂ ಹೀಟರ್ ಹಚ್ಚಿದಾಗ ಗಾಳಿಕಿಂಡಿ ತೆರೆದೇ ಇಡುತ್ತಾರೆ.

ನೀವು ಕೊಟ್ಟ ಇನ್ನೆರಡು ಆಯ್ಕೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೀಚ್ ಟೆಂಟ್ ಕುಳ್ಳು, ಕೂತರೆ ಬಟ್ಟೆ ತಲೆಗೆ ತಾಗುತ್ತದೆ. ಕಾದ ಬಟ್ಟೆ ತಲೆಗೆ ಹತ್ತಿರ ಇದ್ದಷ್ಟೂ ಅದರ ಕಾವು ನಿಮಗೇ. ನಾಲ್ಕು ಕಾಲಿನ ಮಡಚುವ ಪೆಂಡಾಲ್ ನೆರಳಿಗೆ ಸರಿ, ಆದರೆ ಮಳೆಗಾಲದ ಮುಂಚಿನ ಗಾಳಿ ಅದರ ಕಾಲು ಮುರಿಯುತ್ತದೆ. ಇಬ್ಬರು ಸೇರಿ ಹೊರಬೇಕಾದ ಸಾಮಾನು ಬೇರೆ.

ನಿಮ್ಮ ಹದಿನೈದು ಸಾವಿರ ಜೇಬಿನಲ್ಲೇ ಇರಲಿ. ಬೇಕಾಗಿರುವುದು ಟೆಂಟ್ ಅಲ್ಲ, ಹಂದರ. ಮೇಲೆ ನೆರಳು, ನಾಲ್ಕೂ ಕಡೆ ಗಾಳಿ. ನರ್ಸರಿಗಳಿಗೆ ಕಟ್ಟುವ ಹಸಿರು ನೆಟ್ ಗೊತ್ತಲ್ಲ, ಅದರಲ್ಲಿ 75 ಪರ್ಸೆಂಟ್ ನೆರಳಿನದು ಕೇಳಿ ತನ್ನಿ. 50ರದ್ದು ನಮ್ಮ ಬಿಸಿಲಿಗೆ ಸಾಲದು. ಎರಡು ಗಟ್ಟಿ ಬಿದಿರು ಗಳ, ನೈಲಾನ್ ಹಗ್ಗ. ನೆಟ್ಟಿನ ಮೇಲೆ ಒಂದು ಗೇಣು ಎತ್ತರಕ್ಕೆ ಬಿಳಿ ಅಥವಾ ಬೆಳ್ಳಿ ಬಣ್ಣದ ತಾಡಪತ್ರಿ ಕಟ್ಟಿದರೆ ಇನ್ನೂ ಚಲೋ. ಮೇಲಿನದು ಬಿಸಿಲು ತಿನ್ನುತ್ತದೆ, ನಡುವಿನ ಸಂದಿಯಲ್ಲಿ ಗಾಳಿ ಓಡುತ್ತದೆ, ಕೆಳಗಿನ ನೆಟ್ ಅಷ್ಟಾಗಿ ಕಾಯುವುದಿಲ್ಲ. ತಾಡಪತ್ರಿ ಒಂದನ್ನೇ ಕಟ್ಟುವುದಾದರೆ ನಿಂತರೂ ತಲೆಗೆ ತಾಗದಷ್ಟು ಎತ್ತರ ಇರಲಿ. ಪಶ್ಚಿಮದ ಕಡೆ ಮಾತ್ರ ಸ್ವಲ್ಪ ಇಳಿಸಿ ಕಟ್ಟಿ, ಸಂಜೆಯ ಓರೆ ಬಿಸಿಲು ಅಲ್ಲಿಂದ ಬರುತ್ತದೆ.

ಗೂಟ ನಂಬಬೇಡಿ. ಖಾಲಿ ಗೊಬ್ಬರದ ಚೀಲ ಮಡಚಿ ಒಯ್ಯಿರಿ, ದಂಡೆಯಲ್ಲೇ ಮಣ್ಣು ಕಲ್ಲು ತುಂಬಿ ಹಗ್ಗ ಅದಕ್ಕೆ ಬಿಗಿಯಿರಿ. ಹಗ್ಗದ ಗಂಟು ಎಳೆದರೆ ಬಿಚ್ಚುವಂತಿರಲಿ. ಏಪ್ರಿಲ್, ಮೇನಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಗುಡುಗು ಶುರುವಾದರೆ ಹಂದರ ಬಿಚ್ಚಲು ಕೂಡ ನಿಲ್ಲಬಾರದು. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿಸಿತಾ, ಗಾಳ ಅಲ್ಲೇ ಬಿಟ್ಟು ಕಾರಿನೊಳಗೋ ಗಟ್ಟಿ ಮನೆಯೊಳಗೋ ಹೋಗಿ ಕೂತುಕೊಳ್ಳಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವ ತನಕ ಹೊರಗೆ ಬರಬೇಡಿ. ಬಯಲಿನಲ್ಲಿರುವ ಒಂಟಿ ಮರದ ಕೆಳಗಂತೂ ಹೋಗಲೇಬಾರದು. ಕೈಯಲ್ಲಿ ಕಾರ್ಬನ್ ರಾಡ್ (ಕಾರ್ಬನ್ ಫೈಬರಿನ ಗಾಳದ ಕೋಲು) ಇದ್ದರೆ ಮೊದಲು ಅದನ್ನು ಕೆಳಗಿಡಿ, ಅದರಲ್ಲಿ ಕರೆಂಟು ಹರಿಯುತ್ತದೆ.

ಇಷ್ಟು ಹೇಳಿದ ಮೇಲೂ ನನ್ನ ನಿಜವಾದ ಮಾತು ಬೇರೆ ಇದೆ. ಬೆಳಿಗ್ಗೆ 11ರಿಂದ ಸಂಜೆ 4ರ ತನಕ ದಂಡೆಯಲ್ಲಿ ಕೂರುವುದು ಯಾಕೆ? ನೀರು ಕಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಮ್ಮಿ. ದಂಡೆಯ ತೆಳು ನೀರು ಬೇಗ ಕಾಯುತ್ತದೆ, ಮೀನು ಆಳಕ್ಕೆ ಇಳಿಯುತ್ತವೆ. ಆ ಹೊತ್ತಿನಲ್ಲಿ ನಿಮ್ಮ ಗಾಳ ಖಾಲಿ ನೀರಿನಲ್ಲಿ ತೇಲುತ್ತಿರುತ್ತದೆ. ಕಾಕಾ ಮಧ್ಯಾಹ್ನ ಬಲೆ ಹೊಲಿಯುತ್ತಿದ್ದರೇ ಹೊರತು ಬೀಸುತ್ತಿರಲಿಲ್ಲ, ಅದನ್ನು ನೋಡಿಯಾದರೂ ನನಗೆ ತಿಳಿಯಬೇಕಿತ್ತು. ಬೆಳಕು ಹರಿಯುವ ಮೊದಲು ಹೋಗಿ, ಒಂಬತ್ತಕ್ಕೆ ಎದ್ದು ಬನ್ನಿ. ಬೇಕಿದ್ದರೆ ಸಂಜೆ ಮತ್ತೆ ಹೋಗಿ. ಹಾಗೆ ಮಾಡಿದರೆ ಹಂದರವೂ ಬೇಡ, ತಲೆಗೊಂದು ಟವೆಲ್ ಸಾಕು. ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ ಅಂತ ಬರೆದಿದ್ದೀರಿ, ಅದಕ್ಕೇ ಇಷ್ಟು ಜೋರಾಗಿ ಹೇಳುತ್ತಿದ್ದೇನೆ.

ಇನ್ನೊಂದು. ಡ್ಯಾಮು, ಕೆರೆಗಳಲ್ಲಿ ಮೀನಿನ ಹಕ್ಕು ಗುತ್ತಿಗೆಗೆ ಹೋಗಿರುತ್ತದೆ, ಸಾಮಾನ್ಯವಾಗಿ ಮೀನುಗಾರರ ಸಂಘಕ್ಕೆ. ಗಳ ನೆಡುವ ಮೊದಲು ಅಲ್ಲಿಯವರನ್ನು ಒಂದು ಮಾತು ಕೇಳಿ. ಎಲ್ಲಿ ರಾಡಿ ಇದೆ, ಎಲ್ಲಿ ಕಾಲು ಹುಗಿಯುತ್ತದೆ ಅನ್ನುವುದನ್ನೂ ಅವರೇ ಹೇಳುತ್ತಾರೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದ ಜಾಗ ಮೇಲೆ ಒಣಗಿದಂತೆ ಕಂಡರೂ ಮೊಣಕಾಲ ತನಕ ಇಳಿಸಿಕೊಳ್ಳುತ್ತದೆ.

ನೀವು ಕೂರುವ ದಂಡೆ ಎರೆಯದಾ, ಕಲ್ಲಿನದಾ ಅಂತ ಕೆಳಗೆ ಬರೆಯಿರಿ. ಗಳ ಎಷ್ಟು ಉದ್ದ ಬೇಕು, ಚೀಲ ಎಷ್ಟು ಬೇಕು ಅಂತ ಹೇಳುತ್ತೇನೆ.