ತಿಪ್ಪೇಸ್ವಾಮಿ ಅಂತ ಹೆಸರಿಡಬಹುದಾ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ಮಗನಿಗೆ ಈಗ ಮೂರು ತಿಂಗಳು. ನಾವಿರುವುದು ಬೆಂಗಳೂರಿನಲ್ಲಿ, ಯಜಮಾನರ ಊರು ಚಳ್ಳಕೆರೆ ಕಡೆ. ಮಗುವಿಗೆ ತಿಪ್ಪೇಸ್ವಾಮಿ ಎಂದೇ ಹೆಸರಿಡಬೇಕು ಅಂತ ಅತ್ತೆಯವರು ಪಟ್ಟು ಹಿಡಿದಿದ್ದಾರೆ. ನಾನು ಮೈಸೂರಿನವಳು. ನನಗೆ ತಿಪ್ಪೆ ಅಂದರೆ ಕಣ್ಣ ಮುಂದೆ ಬರುವುದು ಕಸದ ರಾಶಿ. ಈ ಹೆಸರು ಎಲ್ಲಿಂದ ಬಂತು? ಈಗಲೂ ಯಾರಾದರೂ ಇಡುತ್ತಾರಾ? ಶಾಲೆಯಲ್ಲಿ ಮಕ್ಕಳು ಆಡಿಕೊಳ್ಳುವುದಿಲ್ಲವೇ? ಅತ್ತೆಯವರ ಮನಸ್ಸು ನೋಯಿಸಲೂ ಇಷ್ಟವಿಲ್ಲ.
(ಹೆಸರು ಬೇಡ ಎಂದಿರುವ ಓದುಗರು, ಬೆಂಗಳೂರು)

ಉತ್ತರ: ನಿಮ್ಮ ಪತ್ರ ಸರಿಯಾದ ವಿಳಾಸಕ್ಕೇ ಬಂದಿದೆ. ನಮ್ಮಪ್ಪ ತಿಪ್ಪೇರುದ್ರಪ್ಪ, ಸೋದರತ್ತೆ ತಿಪ್ಪಮ್ಮ. ನಿಮ್ಮ ಅತ್ತೆಯವರ ಸೀಮೆಯಲ್ಲೇ ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು. ಒಂದು ತರಗತಿಯ ಹಾಜರಿ ಪುಸ್ತಕದಲ್ಲಿ ಮೂವರು ತಿಪ್ಪೇಸ್ವಾಮಿಗಳಿದ್ದರು. ಇಬ್ಬರ ಇನಿಷಿಯಲ್ಲೂ ಒಂದೇ. ಹಾಗಾಗಿ ಒಬ್ಬ 'ಕೆರೆ ಹಿಂದಲ ತಿಪ್ಪ' ಆದ, ಇನ್ನೊಬ್ಬ 'ಗಿರಣಿ ತಿಪ್ಪ' ಆದ. ಯಾರಿಗೂ ಅದು ವಿಚಿತ್ರ ಅನ್ನಿಸುತ್ತಿರಲಿಲ್ಲ.

ಮೊದಲು ಆ ಕಸದ ರಾಶಿಯ ವಿಷಯ ಮುಗಿಸೋಣ. ತಿಪ್ಪೆ ಎಂದರೆ ಮೂಲದಲ್ಲಿ ಗುಡ್ಡೆ, ರಾಶಿ. ತೆಲುಗಿನವರು ದಿಬ್ಬಕ್ಕೆ, ಮರಳು ದಿಣ್ಣೆಗೆ ತಿಪ್ಪ ಎನ್ನುತ್ತಾರೆ. ನಮ್ಮಲ್ಲಿ ಅದು ಕೊಟ್ಟಿಗೆ ಗೊಬ್ಬರದ ರಾಶಿಗೆ ನಿಂತಿತು. ಪ್ಲಾಸ್ಟಿಕ್ ಕವರು, ಒಡೆದ ಬಾಟಲಿ ಇರುವ ನಗರದ ಕಸ ಬೇರೆ, ಹಳ್ಳಿಯ ತಿಪ್ಪೆ ಬೇರೆ. ಸಗಣಿ, ಗಂಜಲದಲ್ಲಿ ನೆಂದ ಹುಲ್ಲು, ಒಲೆಯ ಬೂದಿ, ದನ ತಿಂದು ಬಿಟ್ಟ ರವದಿ, ಎಲ್ಲ ಅಲ್ಲಿ ಕೊಳೆತು ಮುಂಗಾರಿಗೆ ಮುಂಚೆ ಹೊಲಕ್ಕೆ ಹೋಗುತ್ತಿತ್ತು. ಹೆಣ್ಣು ಕೊಡಲು ಬಂದವರು ಗಂಡಿನ ಮನೆಯ ತಿಪ್ಪೆಯನ್ನೂ ಒಮ್ಮೆ ನೋಡಿಕೊಂಡೇ ಒಳಗೆ ಕಾಲಿಡುತ್ತಿದ್ದರು. ತಿಪ್ಪೆ ದೊಡ್ಡದಿದ್ದರೆ ದನ ಜಾಸ್ತಿ, ದನ ಜಾಸ್ತಿಯಿದ್ದರೆ ಅನ್ನಕ್ಕೆ ಬರವಿಲ್ಲ ಎಂಬ ಲೆಕ್ಕ. ದೀಪಾವಳಿಯಲ್ಲಿ ಹೊಸಿಲಿಗೆ ಇಟ್ಟ ಹಾಗೆಯೇ ತಿಪ್ಪೆಗೂ ಒಂದು ದೀಪ ಇಡುತ್ತಿದ್ದೆವು. ಎಷ್ಟೋ ಊರುಗಳಲ್ಲಿ ಈಗಲೂ ಇಡುತ್ತಾರೆ.

ಇನ್ನು ಹೆಸರು. ಅದಕ್ಕೆ ಎರಡು ಬೇರು.

ಒಂದು, ನಾಯಕನಹಟ್ಟಿ. ಚಳ್ಳಕೆರೆ ತಾಲ್ಲೂಕಿನ ಈ ಊರಿನ ತಿಪ್ಪೇರುದ್ರಸ್ವಾಮಿಯೇ ತಿಪ್ಪೇಸ್ವಾಮಿ. ಪಾಳೆಯಗಾರರ ಕಾಲದ ಸಂತ. ಊರೊಳಗೆ ಒಳಮಠ, ಊರಾಚೆ ಹೊರಮಠ. ತಿಪ್ಪೆಯ ಮೇಲೆ ಕೂತಿದ್ದ ರುದ್ರ, ಅದಕ್ಕೇ ತಿಪ್ಪೇರುದ್ರ ಅಂತ ನಮ್ಮಜ್ಜಿ ಹೇಳುತ್ತಿದ್ದಳು. ಆತ ಆ ಬರದ ಸೀಮೆಯಲ್ಲಿ ಕೆರೆಗಳನ್ನು ಕಟ್ಟಿಸಿದ. ಕೂಲಿ ಕೊಡುವ ರೀತಿಯ ಕಥೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಸಂಜೆ ಪ್ರತಿಯೊಬ್ಬರ ಮುಂದೆ ಒಂದೊಂದು ಮರಳಿನ ಗುಡ್ಡೆ ಹಾಕಿಸುತ್ತಿದ್ದನಂತೆ. ಗುಡ್ಡೆ ಬಗೆದರೆ ಅವರವರು ದುಡಿದಷ್ಟೇ ದುಡ್ಡು ಸಿಗುತ್ತಿತ್ತಂತೆ. ಮೈಗಳ್ಳನಿಗೆ ಕಡಿಮೆ, ಮೈ ಮುರಿದು ದುಡಿದವನಿಗೆ ಜಾಸ್ತಿ. 'ಮಾಡಿದಷ್ಟು ನೀಡು ಭಿಕ್ಷೆ' ಎಂಬ ಆತನ ಮಾತನ್ನು ಇವತ್ತಿಗೂ ಆ ಕಡೆಯ ಲಾರಿಗಳ ಹಣೆಯ ಮೇಲೆ ಓದಬಹುದು. ಫಾಲ್ಗುಣದಲ್ಲಿ ದೊಡ್ಡ ರಥೋತ್ಸವ. ಹರಕೆ ಹೊತ್ತವರು ಒಣ ಕೊಬ್ಬರಿ ಸುಡುತ್ತಾರೆ. ತೇರಿನ ಮುಕ್ತಿ ಬಾವುಟವನ್ನು ಹರಾಜು ಹಾಕುತ್ತಾರೆ, ಅದು ಲಕ್ಷಗಟ್ಟಲೆ ರೂಪಾಯಿಗೆ ಹೋಗುತ್ತದೆ. ಜಾತಿ, ಧರ್ಮ ನೋಡದೆ ಜನ ನಡೆದುಕೊಳ್ಳುವ ದೇವರು ಆತ. ಹಾಗಾಗಿ ಹೆಸರೂ ಒಂದು ಜಾತಿಯ ಸ್ವತ್ತಲ್ಲ. ಚಿತ್ರದುರ್ಗ, ದಾವಣಗೆರೆ, ಬಳ್ಳಾರಿಯಿಂದ ಹಿಡಿದು ಆಂಧ್ರದ ಮಡಕಶಿರಾವರೆಗೆ ಈ ಹೆಸರಿನವರು ಸಿಗುತ್ತಾರೆ.

ಎರಡನೆಯ ಬೇರು ಇನ್ನೂ ಹಳೆಯದು, ಇನ್ನೂ ಆಳದ್ದು. ನೂರು ವರ್ಷಗಳ ಹಿಂದೆ ನಮ್ಮ ದೇಶದಲ್ಲಿ ಹುಟ್ಟಿದ ಐದು ಮಕ್ಕಳಲ್ಲಿ ಸುಮಾರು ಒಂದು ಮಗು ವರ್ಷ ತುಂಬುವ ಮೊದಲೇ ಹೋಗಿಬಿಡುತ್ತಿತ್ತು. ಒಂದೇ ತಾಯಿಯ ಎರಡು, ಮೂರು ಕೂಸು ಉಳಿಯದಿದ್ದರೆ ಮುಂದಿನದನ್ನು ಉಳಿಸಿಕೊಳ್ಳಲು ಏನೇನೋ ಮಾಡುತ್ತಿದ್ದರು. ಹುಟ್ಟಿದ ಕೂಸನ್ನು ಒಂದು ಗಳಿಗೆ ತಿಪ್ಪೆಯ ಮೇಲೆ ಮಲಗಿಸಿ 'ಇದು ನಮ್ಮದಲ್ಲ, ಬಿಸಾಕಿದ್ದು' ಎನ್ನುವುದು. ಆಮೇಲೆ ಇನ್ಯಾರೋ ಎತ್ತಿಕೊಂಡು ಬಂದು ಕೊಡುವುದು. ತಾಯಿ ಒಂದು ಮೊರ ತೌಡು ಕೊಟ್ಟು ಅದನ್ನು ಕೊಂಡುಕೊಳ್ಳುವುದು. ಸಾವಿನ ಕಣ್ಣಿಗೆ ಬೇಡವಾದದ್ದು ಎಂದು ಕಾಣಲಿ ಅಂತ ತಿಪ್ಪ, ತಿಪ್ಪವ್ವ ಎಂದು ಕರೆಯುವುದು. ನಮ್ಮ ಸೋದರತ್ತೆ ತಿಪ್ಪಮ್ಮನ ಹೆಸರು ಬಂದದ್ದು ಹೀಗೆ, ನಾಯಕನಹಟ್ಟಿಯಿಂದಲ್ಲ. ಅವಳಿಗಿಂತ ಮುಂಚೆ ಹುಟ್ಟಿದವರಿಗೆ ಚೆಂದ ಚೆಂದದ ಹೆಸರಿಟ್ಟಿದ್ದರಂತೆ.

ಇದು ನಮ್ಮೊಬ್ಬರ ಪದ್ಧತಿಯೂ ಅಲ್ಲ. ತೆಲಂಗಾಣದ ಪೆಂಟಯ್ಯ, ಪೆಂಟಮ್ಮನವರ 'ಪೆಂಟ' ಎಂದರೂ ತಿಪ್ಪೆಯೇ. ತಮಿಳರ ಕುಪ್ಪನ್, ಕುಪ್ಪುಸ್ವಾಮಿ ಬಂದದ್ದು ಕುಪ್ಪೈ, ಅಂದರೆ ಕಸ, ಎಂಬುದರಿಂದ. ಮರಾಠಿಯಲ್ಲಿ ಉಕಿರಡಾ ಇದೆ, ಹಿಂದಿ ಸೀಮೆಯಲ್ಲಿ ಘೂರೇಲಾಲ್ ಇದ್ದಾರೆ. ನಮ್ಮಲ್ಲೇ ತಿರುಕಪ್ಪ, ಭಿಕ್ಷಪ್ಪ, ಗುಂಡಪ್ಪ, ಕಲ್ಲಪ್ಪಗಳ ಹಿಂದೆ ಎಷ್ಟೋ ಮನೆಗಳಲ್ಲಿ ಇದೇ ಭಯವಿತ್ತು. ಭಾಷೆ ಬೇರೆ ಬೇರೆ, ತಾಯಂದಿರ ಉಪಾಯ ಮಾತ್ರ ಒಂದೇ. ಮದ್ರಾಸಿನ ದೊಡ್ಡ ಸಂಸ್ಕೃತ ವಿದ್ವಾಂಸ ಮಹಾಮಹೋಪಾಧ್ಯಾಯ ಕುಪ್ಪುಸ್ವಾಮಿ ಶಾಸ್ತ್ರಿಗಳ ಮುಂದೆ ನಿಂತು 'ನಿಮ್ಮ ಹೆಸರಿನಲ್ಲಿ ಕಸ ಇದೆಯಲ್ಲಾ' ಎಂದು ಯಾರಾದರೂ ಕೇಳಿರುತ್ತಾರಾ?

ಹಾಗಂತ ಇದು ಬರೀ ಬಡವರ ಹೆಸರಾಗಿತ್ತು ಎಂದುಕೊಳ್ಳಬೇಡಿ. 15ನೇ ಶತಮಾನದಲ್ಲಿ ವಿಜಯನಗರದ ಅರಸುಮನೆತನದ ನಂಟರಲ್ಲೇ ತಿಪ್ಪ ಎಂಬ ಹೆಸರಿತ್ತು. ವಾಮನನ ಕಾವ್ಯಾಲಂಕಾರ ಸೂತ್ರಗಳಿಗೆ 'ಕಾಮಧೇನು' ಎಂಬ ಸಂಸ್ಕೃತ ವ್ಯಾಖ್ಯಾನ ಬರೆದವನು ಗೋಪೇಂದ್ರ ತಿಪ್ಪ ಭೂಪಾಲ. ನಮ್ಮ ಕಾಲದಲ್ಲಿ ಎಚ್. ತಿಪ್ಪೇರುದ್ರಸ್ವಾಮಿಯವರ 'ಕರ್ನಾಟಕ ಸಂಸ್ಕೃತಿ ಸಮೀಕ್ಷೆ'ಗೆ 1969ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮೈಸೂರಿನವರಾದ ನೀವು ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸದ ಜಾನಪದ ವಸ್ತುಸಂಗ್ರಹಾಲಯ ನೋಡಿರಬೇಕು. ಅದನ್ನು ಕಟ್ಟಿ ಬೆಳೆಸಿದವರಲ್ಲಿ ಚಿತ್ರಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಒಬ್ಬರು. ನಿಮ್ಮೂರಿಗೂ ಈ ಹೆಸರಿನ ಋಣ ಇದೆ ನೋಡಿ.

ಈಗ ಇಡುತ್ತಾರಾ ಎಂದರೆ, ಕಡಿಮೆ. ತುಂಬಾ ಕಡಿಮೆ. ನಮ್ಮ ಕಡೆಯ ಮತದಾರರ ಪಟ್ಟಿ ತೆಗೆದರೆ ಐವತ್ತು ದಾಟಿದವರಲ್ಲಿ ಈ ಹೆಸರು ಬೇಕಾದಷ್ಟಿದೆ. ಅದೇ ಊರಿನ ಅಂಗನವಾಡಿಯಲ್ಲಿ ಹುಡುಕಬೇಕು. ನಡುವಿನ ತಲೆಮಾರು ತಿಪ್ಪೇಶ್ ಎಂದು ಕತ್ತರಿಸಿಕೊಂಡಿತು. ಈ ತಿಪ್ಪೇಶ್ ಮಾತ್ರ ನನಗೆ ಒಗ್ಗದು. ದೇವರನ್ನೂ ಬಿಟ್ಟು, ಅಜ್ಜನನ್ನೂ ಬಿಟ್ಟು, ತಿಪ್ಪೆಯನ್ನು ಮಾತ್ರ ಹಾಗೇ ಇಟ್ಟುಕೊಂಡ ಹಾಗಾಯಿತು!

ಶಾಲೆಯಲ್ಲಿ ಆಡಿಕೊಳ್ಳುತ್ತಾರಾ? ಇಲ್ಲಿ ತಿಪ್ಪೆ ಸಾರಿಸುವುದು ಬೇಡ. ಬೆಂಗಳೂರಿನ ಶಾಲೆಯಲ್ಲಿ ಆಡಿಕೊಳ್ಳುತ್ತಾರೆ. ಒಂದೆರಡು ವರ್ಷ ಮಗುವಿಗೆ ಬೇಸರವಾಗಬಹುದು. ಆದರೆ ಅಷ್ಟೇನೂ ಅಪರೂಪವಲ್ಲದ ಹೆಸರನ್ನೂ ಮಕ್ಕಳು ಬಿಟ್ಟದ್ದನ್ನು ನಾನು ಕಂಡಿಲ್ಲ. ತನ್ನ ಹೆಸರಿನ ಕಥೆ ಗೊತ್ತಿರುವ ಮಗು ತಿರುಗಿ ಉತ್ತರ ಕೊಡುತ್ತದೆ. ಮರಳು ಗುಡ್ಡೆಯ ಕಥೆ ಹೇಳಿ ಬೆಳೆಸಿ.

ನನ್ನ ಸಲಹೆ ಇಷ್ಟು. ಮೊದಲು ಅತ್ತೆಯವರ ಹತ್ತಿರ ಕೂತು 'ಯಾಕತ್ತೆ ಇದೇ ಹೆಸರು?' ಎಂದು ಕೇಳಿ. ಜಗಳದ ದನಿಯಲ್ಲಿ ಬೇಡ, ಸುಮ್ನೆ ಕೇಳಿ. ಹರಕೆಯೋ, ತೀರಿಕೊಂಡ ಹಿರಿಯರ ಹೆಸರೋ, ಉಳಿಯದ ಕೂಸಿನ ನೆನಪೋ ಇರಬಹುದು. ಅದು ನಿಮ್ಮ ಯಜಮಾನರಿಗೂ ಗೊತ್ತಿಲ್ಲದಿರಬಹುದು. ಹರಕೆಯಾದರೆ ದಾರಿ ಇದೆ. ತೊಟ್ಟಿಲಿಗೆ ಹಾಕುವಾಗ ಮನೆದೇವರ ಹೆಸರು ಒಂದು, ಕರೆಯುವ ಹೆಸರು ಇನ್ನೊಂದು ಇಡುವುದು ನಮ್ಮಲ್ಲಿ ಹೊಸದೇನಲ್ಲ. ನನ್ನನ್ನು ಕೇಳಿದರೆ ದಾಖಲೆಯಲ್ಲಿ ತಿಪ್ಪೇರುದ್ರ ಎಂದು ಬರೆಸಿ, ಮನೆಯಲ್ಲಿ ರುದ್ರ ಎಂದು ಕೂಗಿ. ಸ್ವಾಮಿಯ ಪೂರ್ತಿ ಹೆಸರೇ ಅದು, ಅತ್ತೆಯವರು ಬೇಡ ಎನ್ನಲಾರರು. ರುದ್ರ ಈಗ ಫ್ಯಾಷನ್ನೂ ಹೌದು. ಇದೂ ಮನಸ್ಸಿಗೆ ಬರದಿದ್ದರೆ ಇಡಬೇಡಿ. ದಿನಕ್ಕೆ ನೂರು ಸಲ ಕೂಗುವವರು ನೀವು.

ಅವಸರವೇನೂ ಇಲ್ಲ. ಜನನ ನೋಂದಣಿ ಹೆಸರಿಲ್ಲದೆ ಆಗಿದ್ದರೆ, ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಮೇಲೂ 15 ವರ್ಷದವರೆಗೆ ತಡದ ಶುಲ್ಕ ಕಟ್ಟಿ ಸೇರಿಸಲು ಅವಕಾಶವಿದೆ. ಆದರೆ 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್ ಎಲ್ಲಕ್ಕೂ ಹುಟ್ಟಿದ ದಿನಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಬರೆಸುವ ಮುನ್ನ ಮನೆಯವರೆಲ್ಲ ಒಂದು ಮಾತಿಗೆ ಬನ್ನಿ.

ಪ್ರಶ್ನೆ: ನಮ್ಮ ತಾತನ ಹೆಸರು ತಿಪ್ಪಣ್ಣ. ಟಿಪ್ಪು ಸುಲ್ತಾನನ ಹೆಸರೂ ತಿಪ್ಪ ಎಂಬುದರಿಂದಲೇ ಬಂದದ್ದು ಅಂತ ಗೆಳೆಯ ವಾದ ಮಾಡುತ್ತಾನೆ. ಹೌದೇ?
(ಓದುಗರು, ರಾಯಚೂರು)

ಉತ್ತರ: ಅಲ್ಲ. ಕಿವಿಗೆ ಹತ್ತಿರ ಕೇಳಿಸುತ್ತದೆ, ಅಷ್ಟೇ. ಟಿಪ್ಪುವಿಗೆ ಆ ಹೆಸರು ಬಂದದ್ದು ಆರ್ಕಾಟಿನ ಸೂಫಿ ಸಂತ ಟಿಪ್ಪು ಮಸ್ತಾನ್ ಔಲಿಯಾ ಅವರಿಂದ. ಆದರೆ ನಿಮ್ಮ ಗೆಳೆಯರಿಗೆ ಅರ್ಧ ಅಂಕ ಕೊಡಬಹುದು. ಸಂತರ ಹೆಸರನ್ನು ಮಗನಿಗಿಡುವ ರೂಢಿ ದೇವನಹಳ್ಳಿಯಲ್ಲಿ ಹುಟ್ಟಿದ ಆ ಮಗುವಿಗೂ ನಾಯಕನಹಟ್ಟಿಯ ಭಕ್ತರ ಮಕ್ಕಳಿಗೂ ಒಂದೇ.

ಪ್ರಶ್ನೆ: ನಾನು ತಿಪ್ಪೇಸ್ವಾಮಿ, ಹಿರಿಯೂರಿನವನು, ಈಗ ಅಮೆರಿಕದ ಡಲ್ಲಾಸಿನಲ್ಲಿ ಕೆಲಸ. ಇಲ್ಲಿ ನನ್ನನ್ನು 'ಟಿಪ್' ಎನ್ನುತ್ತಾರೆ. ಮಗನಿಗೆ ಆರವ್ ಎಂದು ಹೆಸರಿಟ್ಟೆವು. ಇಲ್ಲಿನ ಕಾಗದಪತ್ರಕ್ಕೆ ಸರ್‌ನೇಮ್ ಬೇಕಾಯಿತು, ನನ್ನ ಹೆಸರೇ ಹೋಯಿತು. ಈಗ ಅವನು ಆರವ್ ತಿಪ್ಪೇಸ್ವಾಮಿ. ಅವನ ಟೀಚರಿಗೆ ಉಚ್ಚರಿಸಲು ಬರುವುದಿಲ್ಲ. ಬದಲಿಸಲೇ?
(ತಿಪ್ಪೇಸ್ವಾಮಿ, ಡಲ್ಲಾಸ್)

ಉತ್ತರ: ಬೇಡ ಮಾರಾಯರೇ! ಚಳ್ಳಕೆರೆಯ ಅಂಗನವಾಡಿಯಲ್ಲೇ ಸಿಗದ ಹೆಸರು ಟೆಕ್ಸಾಸ್‌ನ ಶಾಲೆಯಲ್ಲಿ ಮನೆತನದ ಹೆಸರಾಗಿ ಕೂತಿದೆ. ನಾಳೆ ನಿಮ್ಮ ಮೊಮ್ಮಕ್ಕಳೂ ತಿಪ್ಪೇಸ್ವಾಮಿಗಳೇ. ಟೀಚರಿಗೆ 'ತಿಪ್ಪೇ', 'ಸ್ವಾಮಿ' ಎಂದು ಬಿಡಿಸಿ ಎರಡು ಸಲ ಹೇಳಿಕೊಡಿ. ಪೋಲೆಂಡಿನವರ, ರಷ್ಯಾದವರ ಹೆಸರು ಹೇಳುವ ನಾಲಿಗೆಗೆ ಇದು ದೊಡ್ಡದಲ್ಲ.

ಒಂದು ಮಾತ್ರ ನೋಡಿಕೊಳ್ಳಿ. ಇಂಗ್ಲಿಷಿನಲ್ಲಿ ಟಿ ಆದ ಮೇಲೆ ಎಚ್ ಹಾಕುವವರಿದ್ದಾರೆ, ಹಾಕದವರಿದ್ದಾರೆ. ಕೊನೆಗೆ ವೈ ಬರೆಯುವವರು, ಐ ಬರೆಯುವವರು ಬೇರೆ. ನಿಮ್ಮ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೇಗಿದೆಯೋ, ನಿಮ್ಮ ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹೋಲಿಸಿ, ಮಗನ ಕಾಗದಗಳೆಲ್ಲದರಲ್ಲೂ ಪಾಸ್‌ಪೋರ್ಟಿನ ಹಾಗೇ ಬರೆಸಿ. ಎಚ್ ಇದ್ದರೆ ಅವರು 'ಥಿಪ್ಪೆ' ಎನ್ನುತ್ತಾರೆ, ಇಲ್ಲದಿದ್ದರೆ 'ಟಿಪ್ಪೆ'. ಎರಡರಲ್ಲಿ ಯಾವುದು ವಾಸಿ ಎಂದು ಆರವನನ್ನೇ ಕೇಳಿ.