ವಾಲ್ವ್ ತಳ್ಳುವುದಿಲ್ಲ

ನಮಸ್ಕಾರ.

ಬಾಹ್ಯಾಕಾಶ ನೆಲೆ ಕಟ್ಟುವ ‘ಸ್ಟೇಷನಿಯರ್ಸ್’ ಆಟದಲ್ಲಿ ಅನಿಲ, ದ್ರವಗಳನ್ನು ನಿಭಾಯಿಸುವ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಪ್ರಕಟಿಸಲಾರೆ. ತಿದ್ದಿ ಕಳಿಸಿದರೆ ಖಂಡಿತ ಓದುತ್ತೇನೆ. ಈ ಆಟದಲ್ಲಿ ನಾನೂ ಸಾಕಷ್ಟು ಪೈಪು ಒಡೆದುಕೊಂಡಿದ್ದೇನೆ.

ತಕರಾರು ಎರಡನೇ ವಾಕ್ಯದಿಂದಲೇ ಶುರು. ‘ಕವಾಟವು ಅನಿಲವನ್ನು ಕೋಣೆಗೆ ತಳ್ಳುತ್ತದೆ’ ಎಂದಿದ್ದೀರಿ. ಹೃದಯದ ಮಾತಾದರೆ ಕವಾಟ ಸರಿ, ಪೈಪಿನ ಮಾತಿಗೆ ವಾಲ್ವ್ ಎಂದೇ ಬರೆಯಿರಿ. ಅದಿರಲಿ, ವಾಲ್ವ್ ಏನನ್ನೂ ತಳ್ಳುವುದಿಲ್ಲ. ತಳ್ಳುವುದು ಪಂಪಿನ ಕೆಲಸ. ಸಾದಾ ವಾಲ್ವ್ ತೆರೆದರೆ ಎರಡು ಪೈಪುಜಾಲಗಳ ನಡುವಿನ ಗೋಡೆ ಬಿದ್ದಂತೆ, ಅಷ್ಟೇ. ಒಂದೇ ಗಾತ್ರದ, ಒಂದೇ ಉಷ್ಣತೆಯ ಎರಡು ಜಾಲಗಳಿವೆ ಎನ್ನಿ. ಒಂದರಲ್ಲಿ 6,000 ಕಿಲೋಪಾಸ್ಕಲ್ ಒತ್ತಡ, ಇನ್ನೊಂದು ಖಾಲಿ. ವಾಲ್ವ್ ತಿರುಗಿಸಿದರೆ ಎರಡೂ 3,000ಕ್ಕೆ ಬಂದು ನಿಲ್ಲುತ್ತವೆ, ಹರಿವು ಅಲ್ಲಿಗೆ ಮುಗಿಯಿತು. ಈ ಒಂದು ಮಾತು ಹೇಳದೆ ಉಪಕರಣಗಳ ಹೆಸರುಗಳನ್ನು ಸಾಲಾಗಿ ಜೋಡಿಸಿದ್ದೀರಿ. ಹಾರ್ಡ್‌ವೇರ್ ಅಂಗಡಿಯ ದರಪಟ್ಟಿ ಓದಿದಂತಾಯಿತು, ದರವೂ ಇಲ್ಲ.

ರೆಗ್ಯುಲೇಟರುಗಳು ಅದಲುಬದಲಾಗಿವೆ. ಪ್ರೆಷರ್ ರೆಗ್ಯುಲೇಟರ್ ಕಾಯುವುದು ತನ್ನ ಮುಂದಿನ ಪೈಪನ್ನು. ಅಡುಗೆಮನೆಯ ಸಿಲಿಂಡರಿನ ತಲೆಯ ಮೇಲೆ ಕೂತಿರುವುದು ಇದರ ನೆಂಟ. ಬ್ಯಾಕ್ ಪ್ರೆಷರ್ ರೆಗ್ಯುಲೇಟರ್ ಕಾಯುವುದು ಹಿಂದಿನದನ್ನು. ಮಿತಿ ಮೀರಿದಾಗ ಮಾತ್ರ ಹೆಚ್ಚಾದದ್ದನ್ನು ಬಿಡುತ್ತದೆ, ಕುಕ್ಕರಿನ ವೆಯ್ಟ್ ಏಳುವ ಹಾಗೆ. ನಿಮ್ಮನ್ನು ನಂಬಿ ಯಾರಾದರೂ ಜೋಡಿಸಿದರೆ ಸಿಡಿಯುವುದು ಆಟದೊಳಗೆ ಮಾತ್ರ ಎಂಬುದೇ ಸಮಾಧಾನ.

ನೀವು ಉದಾಹರಿಸಿದ ಸೋವಿಯತ್ ಬಾಹ್ಯಾಕಾಶ ನೌಕೆ ಸೊಯುಜ್ 11ರ ದುರಂತ 1973ರಲ್ಲಿ ಆದದ್ದಲ್ಲ, 1971ರ ಜೂನ್ 30ರಂದು. ಪೈಪೂ ಒಡೆಯಲಿಲ್ಲ. ನೆಲ ಹತ್ತಿರವಾದ ಮೇಲೆ ತೆರೆಯಬೇಕಿದ್ದ ವಾಲ್ವ್, ನೌಕೆಯ ಭಾಗಗಳು ಬೇರ್ಪಡುವಾಗ ಸುಮಾರು 168 ಕಿ.ಮೀ. ಎತ್ತರದಲ್ಲೇ ತೆರೆದುಕೊಂಡಿತು, ಒಳಗಿನ ಗಾಳಿ ಸೋರಿಹೋಯಿತು. ಸಲ್ಯೂತ್ 1 ಬಾಹ್ಯಾಕಾಶ ನಿಲ್ದಾಣದಿಂದ ಮರಳುತ್ತಿದ್ದ ಡೊಬ್ರೊವೊಲ್ಸ್ಕಿ, ವೋಲ್ಕೊವ್, ಪತ್ಸಾಯೆವ್ ಮೂವರೂ ಒತ್ತಡ ಕಾಯುವ ಉಡುಪು ತೊಟ್ಟಿರಲಿಲ್ಲ, ಯಾರೂ ಉಳಿಯಲಿಲ್ಲ. ಆ ಸಾಲಿನ ಕೊನೆಗೆ ನೀವು ಹಾಕಿದ್ದ ಎರಡು ಆಶ್ಚರ್ಯಸೂಚಕಗಳನ್ನು ಹೊಡೆದುಹಾಕಿದ್ದೇನೆ.

ದ್ರವದ ಭಾಗವನ್ನು ಮಾತ್ರ ನಾಲ್ಕೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಅಲ್ಲೊಂದು ವಾಕ್ಯವಿದೆ: ‘ಮಂಗಳನ ಮೇಲೆ ರಾತ್ರಿಯಾಯಿತು, ಪೈಪಿನೊಳಗಿನ ಆವಿ ನೀರಾಯಿತು, ನಾನು ಕಾಫಿ ಮಾಡಿಕೊಂಡು ಬರುವಷ್ಟರಲ್ಲಿ ಪೈಪು ಹೋಗಿತ್ತು.’ ಇಡೀ ಲೇಖನದಲ್ಲಿ ನೀವು ಕಾಣಿಸುವುದು ಇಲ್ಲೊಂದೇ ಕಡೆ. ಅನಿಲದ ಪೈಪಿನಲ್ಲಿ ದ್ರವ ನಿಂತರೆ ಪೈಪಿಗೆ ಪೆಟ್ಟು ಎಂಬುದು ಓದುಗರಿಗೆ ತಾನಾಗಿ ತಿಳಿಯುತ್ತದೆ. ಆ ನೀರನ್ನು ದ್ರವದ ಪೈಪಿಗೆ ಇಳಿಸುವ ಕಂಡೆನ್ಸೇಷನ್ ವಾಲ್ವ್ ಬರಬೇಕಾದದ್ದು ಈ ವಾಕ್ಯದ ಬೆನ್ನಿಗೆ. ನೀವು ಅದನ್ನು ಪಟ್ಟಿಯಲ್ಲಿ ಒಂಬತ್ತನೆಯದಾಗಿ ಕೂರಿಸಿದ್ದೀರಿ.

ಆ ರಾತ್ರಿಯಿಂದ ಶುರು ಮಾಡಿ. ಆರುನೂರು ಪದ ಸಾಕು, ಪಟ್ಟಿ ಬೇಡ. ಅಂದ ಹಾಗೆ, ಪೈಪು ಹೋದ ಮೇಲೆ ನಿಮ್ಮ ಹಸಿರುಮನೆಯ ಟೊಮೆಟೊ ಗಿಡಗಳ ಗತಿ ಏನಾಯಿತೆಂದು ಎಲ್ಲೂ ಬರೆದಿಲ್ಲವಲ್ಲ?