ಕಾನೂನನ್ನು ವಿರೋಧಿಸಿದರೆ ದೇಶದ ಮೇಲೆ ಪ್ರೀತಿ ಇಲ್ಲ ಅಂತಾರೆ, ಏನು ಮಾಡಲಿ?

ಒಂದು ಕಾಲಕ್ಕೆ ಇದೇ ಪ್ರಶ್ನೆಯನ್ನು ತಲೆಯಲ್ಲಿ ಹೊತ್ತು ತಿರುಗಿದವನು ನಾನು. ನನ್ನ ವಿಷಯದಲ್ಲಿ ಅದು ಕರ್ನಾಟಕದ 1961ರ ರೂಢಿಗತ ಅಪರಾಧಿಗಳ ಕಾಯ್ದೆ. ಬ್ರಿಟಿಷರು 1871ರಲ್ಲಿ ತಂದ ಅಪರಾಧಿ ಬುಡಕಟ್ಟು ಕಾಯ್ದೆ ಇಡೀ ಸಮುದಾಯಗಳಿಗೆ ಹುಟ್ಟಿನಿಂದಲೇ ಕಳ್ಳರ ಪಟ್ಟ ಕಟ್ಟಿತ್ತು. 1952ರ ಆಗಸ್ಟ್ 31ಕ್ಕೆ ಅದು ರದ್ದಾಯಿತು. ಹುಬ್ಬಳ್ಳಿಯಲ್ಲಿ ಅವರನ್ನು ಕೂಡಿಹಾಕಿದ್ದ ಜಾಗದ ಬೇಲಿಯೂ ಹೋಯಿತು. ಆಟೋದವರ ಬಾಯಲ್ಲಿ ಮಾತ್ರ ಅದು ಇವತ್ತಿಗೂ 'ಸೆಟ್ಲಮೆಂಟ್'.

1961ರ ಕಾಯ್ದೆಯ ವಿರುದ್ಧ ಸರ್ಕಾರಕ್ಕೆ ಒಂದು ಮನವಿ ಬರೆದೆ. ಅದರ ಎರಡನೇ ಸಾಲಿನಲ್ಲೇ ನನ್ನ ತಪ್ಪು ಇತ್ತು: 'ಈ ಕಾಯ್ದೆ ನಮ್ಮ ಜಾತಿಗಳನ್ನು ಅಪರಾಧಿಗಳೆಂದು ಕರೆಯುತ್ತದೆ.' ಕರೆಯುವುದಿಲ್ಲ! 1871ರದು ಸಮುದಾಯಗಳನ್ನು ಹಿಡಿದು ಅಧಿಸೂಚನೆ ಹೊರಡಿಸುವ ಕಾನೂನು. 1961ರದು ಪದೇಪದೇ ಶಿಕ್ಷೆಯಾದ ವ್ಯಕ್ತಿಯ ಬಗ್ಗೆ ಮಾತಾಡುತ್ತದೆ. ಹಳೆಯದರ ಸಿಟ್ಟನ್ನು ಹೊಸದರ ತಲೆಗೆ ಕಟ್ಟಿದ್ದೆ. 'ಕಾಯ್ದೆಯಲ್ಲಿ ಯಾವ ಜಾತಿಯ ಉಲ್ಲೇಖವೂ ಇಲ್ಲ' ಎಂಬ ಒಂದೇ ಸಾಲಿನ ಹಿಂಬರಹ ಬಂತು, ಕಡತ ಮುಚ್ಚಿತು. ಅವರು ಬರೆದದ್ದು ಸುಳ್ಳಲ್ಲ ಅನ್ನುವುದೇ ಹೊಟ್ಟೆ ಉರಿಸಿದ್ದು. ನಾನು ಬರೆಯಬೇಕಿದ್ದದ್ದು ಬೇರೆ: ಪದದಲ್ಲಿ ಜಾತಿಯಿಲ್ಲ, ಆದರೆ ಠಾಣೆಯ ರಿಜಿಸ್ಟರಿನಲ್ಲಿ ಯಾರ ಹೆಸರುಗಳು ತುಂಬಿವೆ ನೋಡಿ ಎಂದು. ಅದಕ್ಕೆ ಲೆಕ್ಕ ಬೇಕು. ನನ್ನ ಕೈಯಲ್ಲಿ ಸಿಟ್ಟು ಬಿಟ್ಟರೆ ಏನೂ ಇರಲಿಲ್ಲ.

ಹಾಗಾಗಿ ಮೊದಲು ಕಾಯ್ದೆಯ ಪೂರ್ತಿ ಪಠ್ಯ ಓದಿ, ತಿದ್ದುಪಡಿಗಳ ಸಮೇತ. ರಾಜ್ಯದ ಕಾಯ್ದೆಗಳು ಸಂಸದೀಯ ವ್ಯವಹಾರ ಮತ್ತು ಶಾಸನ ರಚನೆ ಇಲಾಖೆಯ ಜಾಲತಾಣದಲ್ಲಿ ಸಿಗುತ್ತವೆ. ಪೊಲೀಸ್, ಕಾರಾಗೃಹ ಎರಡೂ ರಾಜ್ಯಪಟ್ಟಿಯ ವಿಷಯ, ದೆಹಲಿಗೆ ಬರೆದು ಅಂಚೆ ಖರ್ಚು ಮಾಡಬೇಡಿ.

ಆಮೇಲೆ ಆರ್‌ಟಿಐ, ಅಂದರೆ ಮಾಹಿತಿ ಹಕ್ಕಿನ ಅರ್ಜಿ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಡಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದದ ಮಿತಿ. ಇಲ್ಲಿ ಬಹಳ ಜನ ಎಡವುತ್ತಾರೆ. ರೂಢಿಗತ ಅಪರಾಧಿಗಳ ರಿಜಿಸ್ಟರ್ ಬೇರೆ, ರೌಡಿ ಶೀಟ್ ಬೇರೆ. ರೌಡಿ ಶೀಟ್ ತೆರೆಯುವುದು ಪೊಲೀಸ್ ಮ್ಯಾನ್ಯುಯಲ್ ಪ್ರಕಾರ. ಎರಡನ್ನೂ ಒಂದೇ ಅರ್ಜಿಯಲ್ಲಿ ಕೇಳಿದರೆ ಮೊದಲನೆಯದಕ್ಕೆ ಮಾತ್ರ ಉತ್ತರ ಕೊಟ್ಟು, ಇನ್ನೊಂದಕ್ಕೆ ಬೇರೆ ಅರ್ಜಿ ಹಾಕಿ ಅನ್ನಬಹುದು. ಹೆಸರು ಕೇಳಿದರೆ ಖಾಸಗಿ ಮಾಹಿತಿ ಅಂತ ತಿರಸ್ಕಾರ. 'ಯಾಕೆ' ಎಂದು ಕೇಳಿದರೆ ಉತ್ತರವೇ ಇಲ್ಲ, ದಾಖಲೆಯಲ್ಲಿರುವುದನ್ನಷ್ಟೇ ಕೊಡುತ್ತಾರೆ. ಠಾಣಾವಾರು, ವರ್ಷವಾರು, ಪ್ರವರ್ಗವಾರು ಸಂಖ್ಯೆ ಕೇಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ.

ಸಂಖ್ಯೆ ಕೈಗೆ ಬಂದ ಮೇಲೆ 'ಪರೋಕ್ಷ ತಾರತಮ್ಯ' ಎಂಬ ಮಾತಿಗೆ ಬಲ ಬರುತ್ತದೆ. ಅಂದರೆ ನಿಯಮ ಎಲ್ಲರಿಗೂ ಒಂದೇ ಆದರೂ ಪೆಟ್ಟು ಕೆಲವರಿಗೇ ಹೆಚ್ಚು ಬೀಳುವುದು. ಸುಪ್ರೀಂ ಕೋರ್ಟ್ ಅದನ್ನು 2021ರ ಮಾರ್ಚ್‌ನಲ್ಲಿ ಒಪ್ಪಿದ್ದು ಸೇನೆಯ ಮಹಿಳಾ ಅಧಿಕಾರಿಗಳ ಪ್ರಕರಣದಲ್ಲಿ. ಗಂಡಸರಿಗೆ ಎಳೆ ವಯಸ್ಸಿನಲ್ಲಿ ಹಚ್ಚಿದ ದೇಹದಾರ್ಢ್ಯದ ಅಳತೆಯನ್ನೇ ಈ ಹೆಂಗಸರಿಗೆ ನಲವತ್ತು ದಾಟಿದ ಮೇಲೆ ಹಚ್ಚಿದ್ದರು. ನಿಯಮ ಕಾಗದದ ಮೇಲೆ ಎಲ್ಲರಿಗೂ ಒಂದೇ! ಸಮವಸ್ತ್ರ ತೊಟ್ಟವರೇ ಸರ್ಕಾರದ ಮೇಲೆ ದಾವೆ ಹೂಡಿ ಗೆದ್ದರು. ಅವರನ್ನು ಯಾರಾದರೂ ದೇಶದ್ರೋಹಿ ಅಂದಾರೆಯೇ?

ಅದಕ್ಕೇ ನಿಮ್ಮ ಪ್ರಶ್ನೆಯ ಬುಡವೇ ನನಗೆ ಒಪ್ಪಿಗೆಯಿಲ್ಲ. ಪ್ರೀತಿ, ವಿರೋಧ ಎರಡನ್ನೂ ತಕ್ಕಡಿಗೆ ಹಾಕಿದ್ದು ನಿಮ್ಮನ್ನು ಬೈಯುವವರು. ಸಂವಿಧಾನದ 13ನೇ ವಿಧಿ ಮೂಲಭೂತ ಹಕ್ಕಿಗೆ ವಿರುದ್ಧವಾದ ಕಾನೂನು ಅಷ್ಟರಮಟ್ಟಿಗೆ ಅಸಿಂಧು ಎನ್ನುತ್ತದೆ. 51ಎ ವಿಧಿ ಸಂವಿಧಾನ, ಧ್ವಜ, ರಾಷ್ಟ್ರಗೀತೆಗೆ ಗೌರವ ಕೊಡಿ ಅನ್ನುತ್ತದೆ, ಪ್ರತಿ ಕಾಯ್ದೆಗೂ ಕೈಮುಗಿಯಿರಿ ಅನ್ನುವುದಿಲ್ಲ. ಮನವಿಯಲ್ಲಿ ದೇಶಭಕ್ತಿಯ ಪೀಠಿಕೆಯೂ ಬೇಡ, ನಾನು ಒಂದು ಪುಟ ಹಾಳುಮಾಡಿದ್ದೆ.

ಇನ್ನೊಂದು ಮಾತು. 2024ರ ಅಕ್ಟೋಬರ್ 3ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಜೈಲು ರಿಜಿಸ್ಟರುಗಳ ಜಾತಿ ಕಾಲಂ ತೆಗೆಯಲು ಹೇಳಿ, ಕೈಪಿಡಿಗಳನ್ನು ತಿದ್ದಲು ಮೂರು ತಿಂಗಳು ಕೊಟ್ಟಿತ್ತು. ನಿಮ್ಮ ಜಿಲ್ಲೆಯ ಕಾರಾಗೃಹದಲ್ಲಿ ಆ ಕಾಲಂ ಹೋಗಿದೆಯೇ? ಖಾಲಿ ನಮೂನೆಯ ಒಂದು ನಕಲು ಕೇಳಿ ಸಾಕು. ಮೊದಲ ಅರ್ಜಿಗೆ ಅದು ಸಲೀಸು.